ಒಂಬತ್ತನೆಯ ದಿನ

ಧುಪದಾಳದ ಒಡ್ಡಿನ ಪಕ್ಕದ ಅಳತೆಗಂಬದೆದುರು ಕುಕ್ಕುರುಗಾಲಿನಲ್ಲಿ ಕೂತು ಕರೆಪ್ಪ ತೆರೆಗಳನ್ನು ಎಣಿಸುತ್ತಿದ್ದ. ತೆರೆ ಏರಿದಾಗ ಆರು ಅಡಿಯ ಮೇಲಿನ ನಾಲ್ಕನೆಯ ಗೆರೆ ಮುಳುಗುತ್ತಿತ್ತು, ಇಳಿದಾಗ ಮೂರನೆಯದೂ ಕಾಣುತ್ತಿತ್ತು. ಇಪ್ಪತ್ತು ತೆರೆ ನೋಡಿ ನಡುವಿನ ಅಂಕಿ ಬರೆಯಬೇಕೆಂಬುದು ಯಾರೂ ಹೇಳಿಕೊಟ್ಟ ನಿಯಮವಲ್ಲ. ಹನ್ನೊಂದು ವರ್ಷದ ಹಿಂದೆ ಈ ಕೆಲಸಕ್ಕೆ ಸೇರಿದ ಮೊದಲ ವಾರ ಅವನೇ ಮಾಡಿಕೊಂಡದ್ದು. ಸಾಹೇಬರು ಬಂದಾಗ ಕಂಬವನ್ನು ಒಂದು ಸಲ ನೋಡಿ ಅಂಕಿ ಹೇಳುತ್ತಿದ್ದರು, ಕರೆಪ್ಪ ತಲೆಯಾಡಿಸುತ್ತಿದ್ದ, ಅವರು ಹೋದ ಮೇಲೆ ಮತ್ತೆ ಕೂತು ಇಪ್ಪತ್ತು ತೆರೆ ಎಣಿಸುತ್ತಿದ್ದ. ಹನ್ನೊಂದು ವರ್ಷ, ದಿನಕ್ಕೆರಡು ಸಲ, ಒಂದೂ ಸುಳ್ಳು ಅಂಕಿ ಇಲ್ಲ. ಇದನ್ನು ನೆನೆದಾಗೆಲ್ಲ ಅವನಿಗೆ ಕಾಲುವೆಯ ನೀರಿಗೆ ಕಾಲು ಇಳಿಬಿಟ್ಟಂಥ ಹಿತವಾಗುತ್ತಿತ್ತು. ಇವತ್ತು ಆಗಲಿಲ್ಲ. ಹದಿಮೂರನೆಯ ತೆರೆಗೆ ಎಣಿಕೆ ತಪ್ಪಿತು. ಇನ್ನು ನಾಲ್ಕು ತಾಸಿನಲ್ಲಿ ಗೋಕಾಕದ ಕ್ರೈಸ್ತ ದೇವಾಲಯದಲ್ಲಿ, ಸುತ್ತಿನ ಊರುಗಳ ಇಡೀ ಸಭೆಯ ಮುಂದೆ ಎದ್ದು ನಿಂತು, ತಾನು ಈಚಲ ಸಿಂದಿ ಕುಡಿಯುವುದನ್ನು ಹೇಗೆ ಬಿಟ್ಟೆನೆಂದು ಅವನು ಸಾಕ್ಷಿ ಹೇಳಬೇಕಾಗಿತ್ತು. ಆದರೆ ಕರೆಪ್ಪ ಹುಟ್ಟಿದಾಗಿನಿಂದ ಒಂದು ಗುಟುಕು ಸಿಂದಿ ಕುಡಿದವನಲ್ಲ.

“ಕರೆಪ್ಪಾ, ನೀರು ಎಲ್ಲೂ ಓಡಿ ಹೋಗೂದಿಲ್ಲೋ, ಬಾ!” ಎಂದು ಒಡ್ಡಿನ ಆ ತುದಿಯಿಂದ ಯಲ್ಲಾರಿ ಕೂಗಿದ. ಓಡಿಹೋಗುವುದೇ ನೀರಿನ ಕೆಲಸವಲ್ಲವೆ ಎಂದುಕೊಳ್ಳುತ್ತ ಕರೆಪ್ಪ ಮತ್ತೆ ಒಂದರಿಂದ ಎಣಿಸಿ, ಅಂಕಿ ಬರೆದು, ಪುಸ್ತಕವನ್ನು ಗೂಡಿನಲ್ಲಿಟ್ಟು ಎದ್ದ. ಕಾಲುವೆಯ ಗೇಟು ತಿರುಗಿಸುವ ಯಲ್ಲಾರಿಯ ಹಿಂದೆ ಧುಪದಾಳದ ಪ್ರಾರ್ಥನಾ ಕೂಟ ಇಡಿಯಾಗಿ ನಿಂತಿತ್ತು, ಹತ್ತು ಜನ, ಹೆಗಲ ಮೇಲೆ ಬುತ್ತಿಯ ಗಂಟು. ಮುಂದೆ ಕೂಟದ ಹಿರಿಯ ಲಗಮಪ್ಪ. ವಾರವೆಲ್ಲ ಬಾವಿಯಿಂದ ನೀರೆತ್ತುವ ಚರ್ಮದ ಮೊಟ್ಟೆ ಹೊಲಿಯುವ ಅವನ ಬೆರಳುಗಳು ಭಾನುವಾರವೂ ಅರ್ಧ ಮಡಚಿಯೇ ಇರುತ್ತಿದ್ದವು. ತಲೆಯ ಮೇಲೆ ಮಜ್ಜಿಗೆಯ ಗಡಿಗೆ ಹೊತ್ತ ಮುದುಕಿ ಫಕೀರವ್ವ. ಎಲ್ಲರಿಗಿಂತ ಹಿಂದೆ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕರೆಪ್ಪನ ಹೆಂಡತಿ ಪದ್ಮವ್ವ. ಸೆರಗಿನ ಹಿಂದೆ ಅವಳು ನಗುತ್ತಿದ್ದಾಳೆಂದು ಕರೆಪ್ಪನೊಬ್ಬನಿಗೇ ಗೊತ್ತು.

“ರಾತ್ರಿ ನಿದ್ದಿ ಬಂತೇನಪಾ?” ಎಂದು ಫಕೀರವ್ವ ಅವನ ಗಲ್ಲ ಹಿಡಿದು ಕಣ್ಣಿನ ಬಿಳಿ ನೋಡಿದಳು. “ಕಣ್ಣು ತಿಳಿ ಆಗ್ಯಾವ ನೋಡ್ರಿ. ಎಲ್ಲಾ ನನ್ನ ಮಜ್ಜಿಗಿ.”

ಇಪ್ಪತ್ನಾಲ್ಕು ದಿನದಿಂದ ಅವಳು ಬೆಳಿಗ್ಗೆ ಒಂದು ತಂಬಿಗೆ ಹುಳಿಮಜ್ಜಿಗೆ ತಂದು, ಎದುರಿಗೆ ನಿಂತು ಕುಡಿಸಿ, ತಂಬಿಗೆ ತಲೆಕೆಳಗು ಮಾಡಿ ನೋಡಿ ಹೋಗುತ್ತಿದ್ದಳು. ಕರೆಪ್ಪನಿಗೆ ಹುಳಿಮಜ್ಜಿಗೆ ಸೇರುವುದಿಲ್ಲ. ಅದನ್ನೂ ಅವನು ಹೇಳಿರಲಿಲ್ಲ.

ಕಾಲುವೆಯ ದಂಡೆಗುಂಟ ನಡೆಯತೊಡಗಿದರು. ಕೂಟದ ಹಾಡು ಎತ್ತಿದ ಲಗಮಪ್ಪ ಎರಡನೆಯ ಸಾಲಿಗೇ ಶ್ರುತಿ ತಪ್ಪಿದ, ಎಲ್ಲರೂ ಅವನನ್ನು ಬಿಟ್ಟು ಮುಂದಕ್ಕೆ ಹಾಡಿದರು. ಗೋಕಾಕದ ಸಭೆ ದೊಡ್ಡದು. ಅಲ್ಲಿ ಯಾರದೋ ಬೆನ್ನಿನ ಹಿಂದೆ ಕೂತು, ಹಾಡಿದಂತೆ ತುಟಿಯಾಡಿಸಿ, ಹೇಗೆ ಹೋದೆವೋ ಹಾಗೇ ಮನೆಗೆ ಬರಬಹುದು. ಗುರುವಾರದ ಕೂಟದಲ್ಲಿ ಹಾಗಾಗುವುದಿಲ್ಲ. ಲಗಮಪ್ಪನ ಪಡಸಾಲೆ, ತೊಗಲಿನ ವಾಸನೆ, ಸುತ್ತಲೂ ಹನ್ನೊಂದು ಮಂದಿ, ನಡುವೆ ಒಂದು ದೀಪ. “ಜೀವ ಹೆಂಗೈತಪಾ?” ಎಂದು ಲಗಮಪ್ಪ ಒಬ್ಬೊಬ್ಬರನ್ನೇ ಕೇಳುತ್ತಾನೆ, ಆ ವಾರದ ಒಂದು ತಪ್ಪು, ಒಂದೇ, ಬಾಯಿಬಿಟ್ಟು ಹೇಳಬೇಕು. ಮುಂದಿನ ಗುರುವಾರದವರೆಗೆ ಎಲ್ಲರೂ ಅದರ ಹೆಸರು ಹಿಡಿದೇ ಪ್ರಾರ್ಥನೆ ಮಾಡುತ್ತಾರೆ, ಮತ್ತೆ ಕೇಳುತ್ತಾರೆ. ಫಕೀರವ್ವನ ಪಾಳಿಗಾಗಿ ಎಲ್ಲರೂ ಕಾಯುತ್ತಿದ್ದರು. ಅವಳು ಸೊಸೆಗೆ ಬಯ್ದದ್ದನ್ನು ಹೇಳಿಕೊಳ್ಳುವಾಗ ಒಂದು ಬೈಗುಳವನ್ನೂ ಬಿಡುತ್ತಿರಲಿಲ್ಲ, ಪಶ್ಚಾತ್ತಾಪದಲ್ಲಿ ಒಂದೆರಡು ಹೊಸವೂ ಸೇರುತ್ತಿದ್ದವು. ಲಗಮಪ್ಪ ಮಗನ ಮೇಲೆ ಉಳಿ ಒಗೆದಿದ್ದ. ಯಲ್ಲಾರಿ ಪ್ರತಿ ವಾರ “ಸಿಟ್ಟು ಬಂದಿತ್ರಿ” ಎಂದು ನೆಲ ನೋಡುತ್ತಿದ್ದ. ಕರೆಪ್ಪನ ಪಾಳಿ ಬಂದಾಗ ಅವನು ಒಳಗೆಲ್ಲ ಹುಡುಕುತ್ತಿದ್ದ. ನಿಜವಾಗಿ ಹುಡುಕುತ್ತಿದ್ದ. ಇಷ್ಟು ದೊಡ್ಡದು ಎಂದು ಎತ್ತಿ ತೋರಿಸುವಂಥದೇನೂ ಕೈಗೆ ಸಿಗುತ್ತಿರಲಿಲ್ಲ. “ಸುಮಾರ ಐತ್ರಿ” ಎನ್ನುತ್ತಿದ್ದ. ಎರಡು ವರ್ಷ ಹಾಗೇ ಹೇಳಿದ. “ಇವನ ಜೀವ ಆ ನೀರಿನ ಕಂಬ ಇದ್ಹಂಗ, ಹುಗದಲ್ಲೇ ನಿಂತೈತಿ” ಎಂದು ಫಕೀರವ್ವ ಅಂದಾಗ ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ, ಮನೆಗೆ ಬಂದು ಮುಂದಿಟ್ಟ ರೊಟ್ಟಿಯನ್ನು ಮುರಿಯದೆ ಎದ್ದಿದ್ದ.

ಕೊಣ್ಣೂರು ದಾಟುವಾಗ ಬಿಸಿಲು ಬೆನ್ನಿಗೆ ಹತ್ತಿತು. ಯಲ್ಲಾರಿ ಬಂದು ಜತೆಯಲ್ಲಿ ಹೆಜ್ಜೆ ಹಾಕಿದ. ಸಿಂದಿ ಅಂಗಡಿ ಇಲ್ಲದ ಹಾದಿಯಲ್ಲೂ ಅವನಿಗೆ ಕರೆಪ್ಪನ ಬಲಗಡೆಗೇ ನಡೆಯುವ ರೂಢಿಯಾಗಿಬಿಟ್ಟಿತ್ತು.

ಇಪ್ಪತ್ನಾಲ್ಕು ದಿನದ ಹಿಂದಿನ ಆ ಗುರುವಾರ ಪಾದ್ರಿ ಅಯ್ಯನವರು ಗೋಕಾಕದಿಂದ ಸೈಕಲ್ಲಿನಲ್ಲಿ ಬಂದಿರದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಅರ್ಧ ಹೊಲಿದ ಮೊಟ್ಟೆಯ ಮೇಲೆ ಕೂತು, ಮೊಣಕಾಲಿನ ಮೇಲೆ ನೋಟುಬುಕ್ಕು ತೆರೆದು ಅವರು ವಿಷಯ ಹೇಳಿದರು. ಹಳ್ಳಿಹಳ್ಳಿಯ ಈ ಸಣ್ಣ ಕೂಟಗಳು ಚಾಡಿ ಹೇಳುವ ಜಾಗಗಳಾಗಿವೆಯೆಂದು ದೊಡ್ಡ ಸಭೆಯಲ್ಲಿ ಮಾತಿದೆ. ಮೂಡಲಗಿ, ಹುಕ್ಕೇರಿ, ಧುಪದಾಳ, ಮೂರನ್ನೂ ನೋಡುತ್ತೇನೆ. ಫಲ ಕಂಡರೆ ಸರಿ, ಇಲ್ಲವಾದರೆ ಮುಚ್ಚಿ ಎಲ್ಲರೂ ಬುಧವಾರ ಗೋಕಾಕಕ್ಕೇ ಬರಬೇಕು. ಭಾನುವಾರದ ಜತೆಗೆ ಪ್ರತಿ ಬುಧವಾರವೂ ಅಷ್ಟು ದೂರ ನಡೆಯುವುದು ಫಕೀರವ್ವನಿಂದ ಆಗದ ಮಾತು. ಲಗಮಪ್ಪನ ಪಡಸಾಲೆ ಬರೀ ತೊಗಲಿನ ಪಡಸಾಲೆಯಾಗುತ್ತಿತ್ತು. ಅಂದು ಪಾಳಿ ಸುರುವಾದರೆ ಯಾರಿಗೂ ಬಾಯಿಯೇ ಬರಲಿಲ್ಲ. ಫಕೀರವ್ವ ಪಾದ್ರಿಯವರೆದುರು ಸೊಸೆಯನ್ನು ಬರೀ “ಸ್ವಲ್ಪ ಅಂದೆನ್ರಿ” ಎಂದು ಮುಗಿಸಿದಳು. ಯಲ್ಲಾರಿ ಬಾಯಿ ತೆರೆದು, ಮುಚ್ಚಿ, ಸಿಟ್ಟು ಎಂದ. ನೋಟುಬುಕ್ಕಿನ ಹಾಳೆ ಬಿಳಿಯಾಗಿಯೇ ಇತ್ತು. ಲಗಮಪ್ಪ ತನ್ನ ಮಡಚಿದ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ, ಮನೆಗೆ ಬಂದ ನೆಂಟರಿಗೆ ಹಾಕಲು ಹಿಟ್ಟಿಲ್ಲದವನ ಹಾಗೆ. “ಸಿಮೆಯೋನ, ನಿನ್ನದು?” ಎಂದರು ಪಾದ್ರಿಯವರು, ಅವರ ಪುಸ್ತಕದಲ್ಲಿ ಮಾತ್ರ ಕರೆಪ್ಪ ಸಿಮೆಯೋನ. ಬರುವಾಗ ದಾರಿಯಲ್ಲಿ ಈಚಲು ಮರದ ಕೆಳಗೆ ಸಾಲಾಗಿಟ್ಟ ಮಣ್ಣಿನ ಗಡಿಗೆಗಳನ್ನು ಅವನು ಕಂಡಿದ್ದ, ಏಳು ಗಡಿಗೆ. ಆ ಏಳೂ ಕಣ್ಣ ಮುಂದೆ ಬಂದು ನಿಂತವು. “ಸಿಂದಿ ಕುಡೀತೇನ್ರಿ” ಎಂದ. “ವಾರಕ್ಕ ಮೂರು ಸಲ್ರಿ” ಎಂದೂ ಸೇರಿಸಿದ. ಸುಳ್ಳು ಹೇಳುವಾಗಲೂ ಅವನಿಗೆ ಅಂಕಿ ಬೇಕಾಯಿತು. ಪಾದ್ರಿಯವರ ಪೆನ್ಸಿಲ್ಲು ಓಡಿತು. ಫಕೀರವ್ವ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಅತ್ತಳು. ಹನ್ನೊಂದು ಕೈಗಳು ಅವನ ಬೆನ್ನ ಮೇಲೆ ಬಂದವು, ಅದರಲ್ಲಿ ಪಾದ್ರಿಯವರದೂ ಒಂದು. ಅವನನ್ನು ಇವತ್ತಿಗೂ ಚುಚ್ಚುತ್ತಿದ್ದದ್ದು ಸುಳ್ಳು ಹೇಳಿದ್ದಲ್ಲ. ಆ ಕೈಗಳು ಬಿಸಿಯಾಗಿದ್ದವು, ಮತ್ತು ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ಅವನಿಗೆ ಅನಿಸಿತ್ತು.

ಮುಂದಿನ ಗುರುವಾರವೇ ಅವನು ಬಿಚ್ಚಿ ಹೇಳಲು ನೋಡಿದ್ದ. “ನಾ ಕುಡಿಯೂದಿಲ್ರಿ. ಎಂದೂ ಕುಡದಿಲ್ಲ. ಸುಳ್ಳು ಹೇಳಿದ್ನಿ.” ಲಗಮಪ್ಪ ಕರುಣೆಯಿಂದ ತಲೆಯಾಡಿಸಿದ. “ಕುಡದವ ಕುಡದೇನಿ ಅಂದಾನೇನು?” ಎಂದಳು ಫಕೀರವ್ವ. “ನನ್ನ ಗಂಡನೂ ಹಿಂಗ ಅಂತಿದ್ದ, ಗೋಡಿ ಹಿಡಕೊಂಡು.” ಅಂದಿನಿಂದ ಪ್ರಾರ್ಥನೆಗೆ ಇನ್ನೊಂದು ಸಾಲು ಸೇರಿತು: ಇವನು ಮತ್ತೆ ಜಾರದಿರಲಿ.

ಪಾದ್ರಿಯವರು ಬಂದ ಗುರುವಾರ ತವರಿಗೆಂದು ಯಮಕನಮರಡಿಗೆ ಹೋಗಿದ್ದ ಪದ್ಮವ್ವ ಎರಡು ದಿನದ ಮೇಲೆ ಬಂದವಳು, ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವಾಗಲೇ ಸುದ್ದಿ ಕೇಳಿದಳು. ಮನೆಗೆ ಬಂದು ಗಂಡನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಹತ್ತಿರ ಬಂದು ಬಾಯಿ ಮೂಸಿ, “ಬೆಲ್ಲದ ಚಾದ ವಾಸನಿ” ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಆಮೇಲಿನ ದಿನಗಳಲ್ಲಿ ನೆರೆಯ ಹೆಂಗಸರು ಅವಳಿಗಾಗಿ ಮರುಗಿ ಸೌತೆಕಾಯಿ, ರೊಟ್ಟಿಗೆ ಹಚ್ಚಿಕೊಳ್ಳುವ ಕುಸುಬೆಯ ಹಿಂಡಿ ತಂದುಕೊಟ್ಟರೆ ಗಂಭೀರವಾಗಿ ತೆಗೆದುಕೊಂಡು, ಒಳಗೆ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಕರೆಪ್ಪನನ್ನು ಕಾಯಲು ಕೂಟ ನೇಮಿಸಿದ್ದು ಯಲ್ಲಾರಿಯನ್ನು. ಸಂಜೆಯ ಅಂಕಿ ಬರೆದ ಮೇಲೆ ಇಬ್ಬರದೂ ಒಂದೇ ದಾರಿ, ಆ ದಾರಿಯ ತಿರುವಿನಲ್ಲೇ, ಬಲಗಡೆಗೆ, ಈಚಲು ಮರಗಳು, ಅವುಗಳ ಕೆಳಗೆ ಸಿಂದಿ ಅಂಗಡಿ. ಮೊದಲ ದಿನ ಯಲ್ಲಾರಿ ಅವನ ಕೈ ಹಿಡಿದು ಅಂಗಡಿಯ ಮುಂದಿನಿಂದ ಎಳೆದುಕೊಂಡು ಹೋದ ರಭಸಕ್ಕೆ ಕರೆಪ್ಪನ ಚಪ್ಪಲಿಯ ಉಂಗುಟದ ಪಟ್ಟಿ ಕಿತ್ತಿತು. ಯಲ್ಲಾರಿಯ ಅಂಗೈ ಒದ್ದೆಯಾಗಿತ್ತು. ಆ ವಾರವೆಲ್ಲ ಅವನು ಸಣ್ಣ ಮಾತಿಗೂ ಹರಿಹಾಯುತ್ತಿದ್ದ, ಗೇಟಿನ ಚಕ್ರ ತಿರುಗಿಸುವಾಗ ಕೈ ನಡುಗುತ್ತಿತ್ತು. ಜ್ವರ ಇರಬೇಕೆಂದುಕೊಂಡ ಕರೆಪ್ಪ ದವಾಖಾನೆಗೆ ಹೋಗೆಂದರೆ, “ನಿನ್ನ ಚಿಂತಿ ನೀ ಮಾಡು” ಎಂದಿದ್ದ. ಐದನೆಯ ದಿನ ಅಂಗಡಿ ದಾಟಿದ ಮೇಲೆ ಒಮ್ಮೆಗೇ ನಿಂತು ಕೇಳಿದ:

“ಖರೆ ಹೇಳು. ಎಂದ ಕಡಿಮಿ ಆಕ್ಕೈತಿ ಇದು?”

“ಯಾವುದು?”

“ನಿನ್ನ ತಲಬು. ಎಳತ. ಗಂಟಲದಾಗ ಉರಿ ಉರಿ ಅಂತೈತೆಲ್ಲ, ಅದು.”

ಕರೆಪ್ಪನಿಗೆ ಏನು ಗೊತ್ತು? ಗೊತ್ತಿಲ್ಲ ಎನ್ನುವಂತಿರಲಿಲ್ಲ, ಕುಡುಕನಾದವನಿಗೆ ಗೊತ್ತಿರಲೇಬೇಕು. “ಒಂಬತ್ತನೇ ದಿನ” ಎಂದ. ಒಂಬತ್ತೇ ಏಕೆ? ಎಂಟು ಎನ್ನಬಹುದಿತ್ತು, ಹತ್ತೂ ಎನ್ನಬಹುದಿತ್ತು. “ಒಂಬತ್ತನೇ ದಿನ ನಾಲಿಗಿ ತಣ್ಣಗ ಆಕ್ಕೈತಿ.” ಯಲ್ಲಾರಿ ಬೆರಳು ಮಡಚಿ ಲೆಕ್ಕ ಹಾಕಿಕೊಂಡು ಮುಂದೆ ನಡೆದ. ಹನ್ನೊಂದು ವರ್ಷ ಒಂದು ಗೆರೆಯನ್ನೂ ಅಂದಾಜಿನಲ್ಲಿ ಬರೆಯದವನು ಆಮೇಲೆ ದಿನಕ್ಕೊಂದು ಸುಳ್ಳು ಅಂಕಿ ಕೊಡತೊಡಗಿದ: ಹನ್ನೆರಡಕ್ಕೆ ಹಸಿವು ಬರುತ್ತದೆ, ಹದಿನಾರಕ್ಕೆ ಒಳ್ಳೆಯ ನಿದ್ದೆ. ತನ್ನನ್ನು ಕಾಯುವವನಿಗೆ ಇದೆಲ್ಲ ಏಕೆ ಬೇಕೆಂದು ಅವನು ಕೇಳಿಕೊಳ್ಳಲೇ ಇಲ್ಲ. ತನ್ನ ಸುಳ್ಳನ್ನು ಎತ್ತಿ ಹಿಡಿಯುವುದರಲ್ಲೇ ಅವನು ಅಷ್ಟು ಮುಳುಗಿದ್ದ.

ಗೋಕಾಕದ ಜಲಪಾತದ ಸದ್ದು ಮೊದಲು ಅಂಗಾಲಿಗೆ, ಆಮೇಲೆ ಕಿವಿಗೆ ಬಂತು. ಬುತ್ತಿ ಬಿಚ್ಚಲು ನೆರಳಿನಲ್ಲಿ ಕೂತಾಗ ಕರೆಪ್ಪ ಲಗಮಪ್ಪನನ್ನು ಬದಿಗೆ ಕರೆದ. “ಕಾಕಾ, ಕಡೀ ಸಲ ಹೇಳ್ತೇನಿ. ನಾ ಕುಡದವನಲ್ಲ.” ಲಗಮಪ್ಪ ಜೋಳದ ರೊಟ್ಟಿಯ ತುಣುಕನ್ನು ಕೈಯಲ್ಲೇ ಹಿಡಿದು, “ಸಾಕ್ಷಿ ಹೇಳೂ ದಿನಾನ ಸೈತಾನ ಬರ್ತಾನ, ತಮ್ಮಾ” ಎಂದ. “ಅಂಜಬ್ಯಾಡ. ನಿನ್ನ ಮ್ಯಾಲ ನಮ್ಮ ಕೂಟ ನಿಂತೈತಿ. ಮೂವತ್ತು ವರ್ಷದ್ದು. ನಮ್ಮಪ್ಪ ಸುರು ಮಾಡಿದ್ದು.” ಅವನ ಕಣ್ಣಿನಲ್ಲಿ ನೀರಿತ್ತು. ಕರೆಪ್ಪ ತಿರುಗಿ ಬಂದು ಹೆಂಡತಿಯ ಪಕ್ಕ ಕೂತ. ಪದ್ಮವ್ವ ಅವನ ರೊಟ್ಟಿಯ ಮೇಲೆ ಹಿಂಡಿ ಇಡುತ್ತ, ಅವನೊಬ್ಬನಿಗೇ ಕೇಳುವಂತೆ ಅಂದಳು, “ನಾ ಏನೂ ಹೇಳೂದಿಲ್ಲ. ನೀವ ಹಾಕಿದ ಗಂಟು, ನೀವ ಬಿಚ್ಚರಿ. ಆದ್ರ ಒಂದು ಮಾತು. ನೀವು ಸುಳ್ಳು ಹೇಳಿದ್ರ ಚಲೋ ಹೇಳಾಕ ಬರೂದಿಲ್ಲ. ಕಿವಿ ಕೆಂಪ ಆಕ್ಕಾವ.”

ದೇವಾಲಯ ತುಂಬಿತ್ತು. ಹುಕ್ಕೇರಿಯ ಕೂಟದವನು ಮೊದಲು ಎದ್ದ. ಕೋಳಿ ಕಾಳಗ ಬಿಟ್ಟ ಗುರುತಿಗೆ, ಹುಂಜದ ಕಾಲಿಗೆ ಕಟ್ಟುತ್ತಿದ್ದ ಕತ್ತಿಯನ್ನೇ ತಂದು ಮೇಜಿನ ಮೇಲಿಟ್ಟ. ಆ ಹುಂಜದ ಹೆಸರನ್ನು ಮಾತ್ರ ಎರಡು ಸಲ ಹೇಳಿದ. ಮೂಡಲಗಿಯ ಇಬ್ಬರು ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಂದಿರು, ಆರು ವರ್ಷದ ಜಗಳ ಬಿಟ್ಟು ಕೈ ಕೈ ಹಿಡಿದು ಬಂದರು. ಮುಖ ಮಾತ್ರ ಒಬ್ಬಳದು ಆ ಕಡೆ, ಒಬ್ಬಳದು ಈ ಕಡೆ. ಸಭೆ ಸ್ತೋತ್ರ ಎಂದಿತು. “ಧುಪದಾಳ. ಸಿಮೆಯೋನ.” ಅದು ತಾನೇ ಎಂದು ಹೊಳೆಯಲು ಕರೆಪ್ಪನಿಗೆ ಒಂದು ಗಳಿಗೆ ಬೇಕಾಯಿತು. ಎದ್ದು ನಿಂತ. ಎಷ್ಟು ತಲೆಗಳು! ಎಣಿಸಬೇಕೆನಿಸಿತು, ಎಣಿಸಿದರೆ ಎದೆ ಹಿಡಿತಕ್ಕೆ ಬರುತ್ತಿತ್ತು. ಹೇಳಬೇಕಾದ ಮಾತುಗಳನ್ನು ಲಗಮಪ್ಪ ಬಾಯಿಪಾಠ ಮಾಡಿಸಿದ್ದ: ಕತ್ತಲಲ್ಲಿದ್ದೆ, ಕೂಟ ಕೈ ಹಿಡಿಯಿತು, ಬೆಳಕಿಗೆ ಬಂದೆ. ಮೂರು ಸಾಲು. ಹೇಳಿ ಕೂತುಬಿಟ್ಟರೆ ಪಡಸಾಲೆ ಉಳಿಯುತ್ತದೆ, ಫಕೀರವ್ವನ ಗುರುವಾರ ಉಳಿಯುತ್ತದೆ. ಯಾರಿಗೆ ನಷ್ಟ? ಕಂಬದ ಮೇಲೆ ಒಂದು ಗೆರೆ ಹೆಚ್ಚು ಬರೆದರೂ ಹೊಳೆಗೆ ನಷ್ಟವಿಲ್ಲ. ಆದರೂ ಹನ್ನೊಂದು ವರ್ಷ ಬರೆಯಲಿಲ್ಲವಲ್ಲ, ಏಕೆ? ಎರಡೂ ಕಿವಿಗಳಿಗೆ ಬಿಸಿ ಏರುತ್ತಿರುವುದು ಗೊತ್ತಾಯಿತು. ಹೆಂಗಸರ ಸಾಲಿನಲ್ಲಿ ಪದ್ಮವ್ವ ಈಗ ನಗುತ್ತಿರಲಿಲ್ಲ.

“ನಾ ಎಂದೂ ಕುಡದಿಲ್ರಿ” ಎಂದ. “ಒಂದು ಹನಿನೂ ಇಲ್ಲ. ಅಯ್ಯನವರು ಬಂದ ದಿನ ಯಾರ ಬಾಯಾಗೂ ಮಾತು ಬರಲಿಲ್ಲ, ನಮ್ಮ ಹಿರ್ಯಾನ ಮಾರಿ ನೋಡಾಕ ಆಗಲಿಲ್ಲ, ಅದಕ್ಕ ಸುಳ್ಳು ಹೇಳಿದ್ನಿ. ಮತ್ತ…” ಇಲ್ಲಿಗೇ ನಿಲ್ಲಿಸಬಹುದಿತ್ತು. “ಮತ್ತ ಎಲ್ಲಾರೂ ನನ್ನ ಮ್ಯಾಲ ಕೈ ಇಟ್ರು. ಅದು ನನಗ ಹಿತಾ ಆತು. ಇವರು ಮಾಡಿದ ಪ್ರಾರ್ಥನಾ ಖರೆ ಐತ್ರಿ. ಸುಳ್ಳು ನಂದೊಂದ.”

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಬೆಂಚಿನಿಂದ ಬೆಂಚಿಗೆ ಹಾಯ್ದು ಬಂತು. ಲಗಮಪ್ಪನ ಕುತ್ತಿಗೆ ಎದೆಗೆ ಬಾಗಿತು. ಪಾದ್ರಿಯವರು ಚಷ್ಮಾ ತೆಗೆದು ಒರೆಸಿ, ನೋಟುಬುಕ್ಕಿನ ಹಾಳೆ ತಿರುವಿ, “ಅಂದರೆ ಧುಪದಾಳದ ಕೂಟ ಇಪ್ಪತ್ನಾಲ್ಕು ದಿನ ಇಲ್ಲದ ಪಾಪಕ್ಕೆ ಪ್ರಾರ್ಥನೆ ಮಾಡಿದೆ” ಎಂದರು. ಬೈಗುಳದ ದನಿಯಲ್ಲ, ಆದರೆ ಪೆನ್ಸಿಲ್ಲು ಧುಪದಾಳದ ಹೆಸರಿನ ಮೇಲೆ ನಿಂತಿತ್ತು.

“ಇಲ್ಲದ್ದಲ್ರಿ.”

ಯಲ್ಲಾರಿ ಎದ್ದು ನಿಂತಿದ್ದ. ಮುಖ ಸಿಟ್ಟಿನಿಂದ ಕಪ್ಪಿಟ್ಟಿತ್ತು. ಪಾದ್ರಿಯವರನ್ನಲ್ಲ, ಕರೆಪ್ಪನನ್ನೇ ನುಂಗುವ ಹಾಗೆ ನೋಡುತ್ತಿದ್ದ. “ಪಾಪ ಇತ್ರಿ ಅಯ್ಯನವರ. ಮನಿ ತಪ್ಪಿತ್ತು, ಅಷ್ಟ. ಕುಡಿಯಾಂವ ನಾನು. ವಾರಕ್ಕ ಮೂರು ಸಲ ಅಲ್ಲ, ದಿನಾಲೂ. ಇವನ್ನ ಕಾಯಾಕ ನನ್ನ ಹಚ್ಚಿದ್ರು. ಇವನ ಕೈ ಹಿಡಕೊಂಡು ಅಂಗಡಿ ದಾಟೂದು, ನಾ ಹೆಂಗ ಒಳಗ ಹೋಗ್ಲಿ? ಇಪ್ಪತ್ನಾಲ್ಕು ದಿನಾ ಆತ್ರಿ, ಮುಟ್ಟಿಲ್ಲ.”

ಹೆಂಗಸರ ಸಾಲಿನಲ್ಲಿ ಫಕೀರವ್ವ ಎದೆ ಬಡಿದುಕೊಂಡಳು: “ಅಯ್ಯ, ನನ್ನ ಮಜ್ಜಿಗಿ!”

ಪಾದ್ರಿಯವರು ಕೆಮ್ಮುವ ನೆವದಲ್ಲಿ ಬಾಯಿಗೆ ಕೈ ಒಡ್ಡಿದರು, ಆದರೆ ಹೆಗಲು ಕುಲುಕುವುದನ್ನು ಮುಚ್ಚಲಾಗಲಿಲ್ಲ. ಸಭೆಗೆ ಸಭೆಯೇ ನಕ್ಕಿತು, ಮೂಡಲಗಿಯ ನೆಗೆಣ್ಣಿಯರು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕರೆಪ್ಪನೊಬ್ಬ ನಗದೆ ನಿಂತಿದ್ದ. ಕಾಲುವೆಯ ತಲೆಯಲ್ಲಿ ಬಿಟ್ಟ ನೀರು ಬಾಲದಲ್ಲಿ ಎಂದೂ ಪೂರ್ತಿ ಸಿಕ್ಕುತ್ತಿರಲಿಲ್ಲ. ಉಳಿದದ್ದು ಎಲ್ಲಿ ಹೋಯಿತೆಂದು ಸಾಹೇಬರು ಕೇಳಿದಾಗೆಲ್ಲ ಅವನು ತಲೆ ಕೆರೆದುಕೊಳ್ಳುತ್ತಿದ್ದ. ಆದರೆ ದಂಡೆಯ ಪಕ್ಕದ ಹೊಲದಲ್ಲಿ, ಕಾಲುವೆಯ ನೀರಿನ ಹಕ್ಕೇ ಇಲ್ಲದವನ ಬಾವಿ, ಜಿನುಗಿ ಬಂದ ಆ ನೀರಿನಿಂದ, ಬೇಸಿಗೆಯಲ್ಲೂ ಎರಡು ಮೊಳ ಏರಿರುತ್ತಿತ್ತು.

“ಕೂಟ ನಡೆಯಲಿ” ಎಂದರು ಪಾದ್ರಿಯವರು, ಕಣ್ಣೊರೆಸಿಕೊಂಡು. “ಇವನ ಸುಳ್ಳಿಗೂ ಪ್ರಾರ್ಥನೆ ಮಾಡಿರಿ. ಮನೆ ನೋಡಿಕೊಂಡು ಮಾಡಿರಿ.”

ಹೊರಗೆ ಬಂದದ್ದೇ ತಡ, ಯಲ್ಲಾರಿ ಹುಣಸೆಮರದ ಕೆಳಗೆ ಅವನ ಅಂಗಿಯ ಎದೆ ಹಿಡಿದ. “ಖರೇನ ಕುಡದಿಲ್ಲ ನೀ?”

“ಇಲ್ಲ.”

“ಮತ್ತ ಒಂಬತ್ತನೇ ದಿನ ನಾಲಿಗಿ ತಣ್ಣಗ ಆಕ್ಕೈತಿ ಅಂದಿ. ಅದ ಒಂದ ಮಾತಿನ ಮ್ಯಾಲ ನಾಕು ದಿನ ಹಲ್ಲು ಕಚಗೊಂಡು ಇದ್ನಿ ನಾ.”

“ಸುಮ್ನ ಅಂದಿದ್ನಿ. ತಪ್ಪಾತು. ಹನ್ನೆರಡು, ಹದಿನಾರು, ಎಲ್ಲಾ ಸುಮ್ನ.”

ಯಲ್ಲಾರಿಯ ಹಿಡಿತ ಬಿಗಿಯಾಯಿತು. ಬಡಿಯುತ್ತಾನೆಂದು ಕರೆಪ್ಪ ಕಣ್ಣು ಮುಚ್ಚಿಕೊಂಡ. ಆದರೆ ಎದೆಯ ಮೇಲಿನ ಆ ಮುಷ್ಟಿ ಕುಲುಕತೊಡಗಿತು. ಕಣ್ಣು ಬಿಟ್ಟರೆ ಯಲ್ಲಾರಿ ನಗುತ್ತಿದ್ದ, ನಕ್ಕು ನಕ್ಕು ಮರಕ್ಕೆ ಒರಗಿದ. “ಆತಲ್ಲೋ ಮಾರಾಯಾ! ಒಂಬತ್ತನೇ ದಿನಾನ ಆತು! ಹದಿನಾರಕ್ಕ ನಿದ್ದಿನೂ ಬಂತು!”

ಬರುವ ದಾರಿಯಲ್ಲಿ ಉಳಿದ ಮಜ್ಜಿಗೆಯನ್ನೆಲ್ಲ ಫಕೀರವ್ವ ಯಲ್ಲಾರಿಗೆ ಕುಡಿಸಿದಳು. ಕೊಣ್ಣೂರಿನ ಹತ್ತಿರ ಲಗಮಪ್ಪ ಒಮ್ಮೆಗೇ ಶ್ರುತಿ ತಪ್ಪಿ ಹಾಡು ಎತ್ತಿದ, ಈ ಸಲ ಎಲ್ಲರೂ ಅವನ ಜತೆಗೇ ತಪ್ಪಿ ಹಾಡಿದರು. ಪದ್ಮವ್ವ ಗಂಡನ ಬಳಿ ಬಂದು, “ನಾಳಿಯಿಂದ ಸೌತಿಕಾಯಿ ಬರೂದಿಲ್ಲ, ತಿಳೀತ?” ಎಂದಳು.

ಸಂಜೆಯ ಅಂಕಿ ಆರು ಅಡಿ ಎರಡು ಗೆರೆ. ಇಪ್ಪತ್ತು ತೆರೆ, ಎಣಿಕೆ ತಪ್ಪಲಿಲ್ಲ. ಪುಸ್ತಕ ಗೂಡಿನಲ್ಲಿಟ್ಟು ಕರೆಪ್ಪ ಬಂದಾಗ ಯಲ್ಲಾರಿ ಗೇಟಿನ ಬಳಿ ಕಾದಿದ್ದ. ಇಬ್ಬರೂ ನಡೆದರು, ಈ ಸಲ ಕರೆಪ್ಪ ಬಲಗಡೆಗೆ. ಈಚಲು ಮರಗಳ ತಿರುವಿನಲ್ಲಿ ಯಲ್ಲಾರಿ ನಿಂತ. ಹುಳಿ ವಾಸನೆ ಗಾಳಿಯಲ್ಲಿ ತೇಲಿ ಬಂತು, ಒಳಗಿನಿಂದ ಯಾರೋ ಅವನ ಹೆಸರು ಹಿಡಿದು ಕರೆದರು. ಯಲ್ಲಾರಿಯ ಎದೆ ಏರುವುದನ್ನು, ಇಳಿಯುವುದನ್ನು ನೋಡುತ್ತ ಕರೆಪ್ಪ ಪಕ್ಕದಲ್ಲಿ ನಿಂತ. ಕೊನೆಗೆ ಯಲ್ಲಾರಿ ಕಾಲು ಕಿತ್ತು ಮುಂದಕ್ಕೆ ನಡೆದ. ಮರಗಳು ಹಿಂದಾದ ಮೇಲೆ ಕೇಳಿದ:

“ಎಣಸಾಕತ್ತಿದ್ದೆಲ್ಲ ಮಗನ? ಎಷ್ಟು?”

“ಹದಿನೇಳು ಉಸಿರು.”

“ನಿನ್ನೆ ಎಷ್ಟಿತ್ತು?”

ಮೂವತ್ತು ಎನ್ನಬಹುದಿತ್ತು. ಮೂವತ್ತರಿಂದ ಹದಿನೇಳಕ್ಕೆ ಇಳಿದಿದೆ ಎಂದರೆ ಅವನಿಗೆ ಎಷ್ಟು ಧೈರ್ಯ! ಅಂಕಿ ನಾಲಿಗೆಯ ತುದಿಯವರೆಗೆ ಬಂದು ನಿಂತಿತು.

“ನಿನ್ನೆ ಎಣಸಿಲ್ಲಪಾ” ಎಂದ ಕರೆಪ್ಪ.

“ಹಂಗಾರ ಇವತ್ತಿಂದ ಬರಕೋ” ಎಂದು ಯಲ್ಲಾರಿ ಅವನ ಹೆಗಲ ಮೇಲೆ ಕೈ ಹಾಕಿದ. ಅಂಗೈ ಒಣಗಿತ್ತು.